ಬೆನ್ನುಡಿ ಬಚ್ಚಿಟ್ಟದ್ದನ್ನು ಟ್ರೈಲರ್ ಬಿಚ್ಚಿಟ್ಟಾಗ

2025ರ ಜೂನ್ 30ರ ರಾತ್ರಿ ತಂಗಿಯ ಮಗ ಫೋನ್ ಮಾಡಿದ. ಎರಡನೇ ಪಿಯುಸಿಯ ಹುಡುಗ. 'ಮಾಮ, ಪ್ರಾಜೆಕ್ಟ್ ಹೇಲ್ ಮೇರಿ ಟ್ರೈಲರ್ ಬಂದಿದ್ಯಂತೆ. ನೋಡ್ಲಾ?' ಎಂದ. ಆ ಕಾದಂಬರಿಯನ್ನು ಅವನ ಕೈಗೆ ಕೊಟ್ಟು ಹದಿನೈದು ದಿನವಾಗಿತ್ತು. ಎಲ್ಲೀತನಕ ಓದಿದ್ದೀಯ ಎಂದು ಕೇಳಿದೆ. ಟೆಸ್ಟುಗಳಿದ್ದವು, ಈಗಷ್ಟೇ ಶುರು ಮಾಡಿದ್ದೀನಿ, ಮೂವತ್ತು ಪುಟ ಆಗಿರಬಹುದು ಎಂದ. 'ಹಾಗಾದ್ರೆ ಬೇಡ ಕಣೋ, ಪುಸ್ತಕ ಮುಗಿಯೋ ತನಕ ಅದರ ಕಡೆ ತಿರುಗಿಯೂ ನೋಡಬೇಡ' ಎಂದೆ. 'ಯಾಕೆ?' ಎಂದ.

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಇತ್ತು, ಆದರೆ ಹೇಳುವ ಹಾಗಿರಲಿಲ್ಲ. ಯಾಕೆ ನೋಡಬಾರದು ಎಂದು ವಿವರಿಸಹೊರಟರೆ, ನೋಡಿದರೆ ಏನು ಗೊತ್ತಾಗುತ್ತದೋ ಅದನ್ನು ನಾನೇ ಹೇಳಿದ ಹಾಗಾಗುತ್ತದೆ. 'ನನ್ನ ಮಾತು ಕೇಳು, ಅಷ್ಟೇ' ಎಂದು ಮಾತು ಮುಗಿಸಿದೆ. ಆ ಹೊತ್ತಿಗೆ ಪ್ರಪಂಚದ ನಾನಾ ಕಡೆ, ಆ ಪುಸ್ತಕವನ್ನು ಓದಿ ಮುಗಿಸಿದವರು ತಮ್ಮ ಗೆಳೆಯರಿಗೆ, ಹೆಂಡತಿಗೆ, ಮಕ್ಕಳಿಗೆ ಇದೇ ಮಾತು ಹೇಳುತ್ತಿದ್ದರು: ಟ್ರೈಲರ್ ನೋಡಬೇಡಿ, ಮೊದಲು ಪುಸ್ತಕ ಓದಿ, ಯಾಕೆಂದು ಕೇಳಬೇಡಿ.

ಒಂದು ಸಿನಿಮಾ ಜಾಹೀರಾತಿನ ಬಗ್ಗೆ ಇಷ್ಟು ಜನ ಇಷ್ಟು ಕಾಳಜಿಯಿಂದ ಮಾತಾಡಿದ್ದು ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸುತ್ತದೆ. 'ಅಭಿಮಾನಿಗಳ ಗಲಾಟೆ' ಎಂಬ ಎರಡು ಪದದ ತಲೆಬರಹದಲ್ಲಿ ಮುಗಿಸಿಬಿಡುವ ವಿಷಯವಲ್ಲ ಇದು. ಕಥೆಯೊಂದು ಓದುಗನ ಮನಸ್ಸಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಇದರೊಳಗಿದೆ.

ಮೊದಲು ಗೊತ್ತಿರಬೇಕಾದ ಸಂಗತಿಗಳು. 'ಪ್ರಾಜೆಕ್ಟ್ ಹೇಲ್ ಮೇರಿ' ಅಮೆರಿಕದ ಆಂಡಿ ವಿಯರ್ ಬರೆದ ವೈಜ್ಞಾನಿಕ ಕಾದಂಬರಿ, ಪ್ರಕಟವಾದದ್ದು 2021ರ ಮೇ ತಿಂಗಳಲ್ಲಿ. ಪುಸ್ತಕ ಅಚ್ಚಾಗುವ ಮೊದಲೇ, 2020ರಲ್ಲಿ, ಅದರ ಸಿನಿಮಾ ಹಕ್ಕು ಮಾರಾಟವಾಗಿತ್ತು. ನಾಯಕನ ಪಾತ್ರಕ್ಕೆ ರಯಾನ್ ಗಾಸ್ಲಿಂಗ್ ಹೆಸರು ಆಗಲೇ ಜೊತೆಗಿತ್ತು. ನಿರ್ದೇಶಕರು ಫಿಲ್ ಲಾರ್ಡ್ ಮತ್ತು ಕ್ರಿಸ್ಟೋಫರ್ ಮಿಲ್ಲರ್. ಚಿತ್ರಕಥೆ ಡ್ರೂ ಗೊಡ್ಡಾರ್ಡ್ ಅವರದು. ವಿಯರ್ ಅವರ ಮೊದಲ ಕಾದಂಬರಿ 'ದಿ ಮಾರ್ಷಿಯನ್' ಅನ್ನು ತೆರೆಗೆ ತಂದಾಗಲೂ ಚಿತ್ರಕಥೆ ಬರೆದವರು ಇವರೇ. ಬಿಡುಗಡೆಗೆ 2026ರ ಮಾರ್ಚ್ 20 ಎಂದು ಗೊತ್ತುಮಾಡಿ, ಸುಮಾರು ಒಂಬತ್ತು ತಿಂಗಳು ಮೊದಲೇ ಟ್ರೈಲರ್ ಬಿಟ್ಟರು. ಮೊದಲ ವಾರದಲ್ಲೇ ಅದನ್ನು 40 ಕೋಟಿ ಸಲ ನೋಡಲಾಗಿದೆ ಎಂದು ಸ್ಟುಡಿಯೊ ಹೇಳಿಕೊಂಡಿತು. ಹಿಂದಿನ ಚಿತ್ರದ ಮುಂದುವರಿಕೆಯಲ್ಲದ, ಮರುನಿರ್ಮಾಣವೂ ಅಲ್ಲದ ಚಿತ್ರಕ್ಕೆ ಇದು ದಾಖಲೆ ಎಂದಿತು.

ಇನ್ನು ಪುಸ್ತಕದ ಬೆನ್ನುಡಿಗೆ ಬರೋಣ. ಒಬ್ಬ ಮನುಷ್ಯ ಬಹಳ ದೀರ್ಘವಾದ ನಿದ್ದೆಯಿಂದ ಏಳುತ್ತಾನೆ. ತಾನು ಯಾರು, ಎಲ್ಲಿದ್ದೇನೆ ಎಂಬುದು ನೆನಪಿಲ್ಲ. ಜೊತೆಯಲ್ಲಿ ಎರಡು ಹೆಣ. ಮನೆಯಿಂದ ಊಹೆಗೂ ಮೀರಿದ ದೂರ ಬಂದಿದ್ದಾನೆ, ಭೂಮಿಯನ್ನು ಉಳಿಸುವ ಕೆಲಸವೊಂದು ಅವನ ತಲೆಯ ಮೇಲಿದೆ. ಇಷ್ಟು ಹೇಳಿ, ಕೊನೆಗೆ, ಅವನು ನಿರೀಕ್ಷಿಸದ ಕಡೆಯಿಂದ ಒಂದು ಸಹಾಯ ಸಿಗಲಿದೆ ಎಂಬ ಸೂಚನೆ ಕೊಟ್ಟು ಬೆನ್ನುಡಿ ಸುಮ್ಮನಾಗುತ್ತದೆ. ಆ ಸಹಾಯ ಯಾವುದು, ಎಲ್ಲಿಂದ ಬಂತು ಎಂಬುದು ಕಾದಂಬರಿಯ ಕಾಲು ಭಾಗ ಕಳೆದ ಮೇಲೆ ಓದುಗನಿಗೆ ಕಾಣತೊಡಗುತ್ತದೆ. ಟ್ರೈಲರ್ ಅದನ್ನು ತೋರಿಸಿಬಿಟ್ಟಿತು. ಓದುಗರ ಬೇಸರಕ್ಕೆ ಕಾರಣ ಅದು.

ಈ ಅಂಕಣದಲ್ಲಿ ನಾನು ಬೆನ್ನುಡಿ ಹೇಳಿದಷ್ಟನ್ನೇ ಹೇಳುತ್ತೇನೆ. ಟ್ರೈಲರ್ ನೋಡಿದವರಿಗೆ ನಾನು ಮುಚ್ಚಿಡುತ್ತಿರುವುದು ಏನೆಂದು ಗೊತ್ತಿದೆ. ನೋಡದವರಲ್ಲಿ ಒಬ್ಬರಾದರೂ ಮುಂದೆ ಆ ಪುಸ್ತಕ ತೆರೆಯಬಹುದು, ಅವರ ಪಾಲಿನದನ್ನು ನಾನು ಕಿತ್ತುಕೊಳ್ಳಲಾರೆ.

ಅವರ ಪಾಲು ಅಂದೆ. ಅದು ಏನು ಎಂದು ತೋರಿಸಲು ಗುಟ್ಟಿಲ್ಲದ ಒಂದು ಭಾಗವನ್ನೇ ತೆಗೆದುಕೊಳ್ಳುತ್ತೇನೆ. ಪುಸ್ತಕದ ಶುರುವಿನಲ್ಲೇ ಬರುವ ಪ್ರಸಂಗ ಅದು.

ಎಚ್ಚರಾದವನಿಗೆ ತನ್ನ ಹೆಸರೂ ನೆನಪಾಗುತ್ತಿಲ್ಲ. ಆದರೆ ವಿಜ್ಞಾನ ನೆನಪಿದೆ. ಸುತ್ತ ಪ್ರಯೋಗಾಲಯದ ಸಾಮಾನುಗಳಿವೆ. ಕೈಯಿಂದ ಜಾರಿದ ವಸ್ತು ನೆಲಕ್ಕೆ ಬೀಳುವ ರೀತಿಯಲ್ಲಿ ಏನೋ ಸರಿಯಿಲ್ಲ ಎನ್ನಿಸುತ್ತದೆ, ತುಸು ಜೋರಾಗಿ ಬೀಳುತ್ತಿದೆ. ಆಗ ಮೇಜಿನ ಎತ್ತರ ಅಳೆಯುತ್ತಾನೆ. ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಅದರ ಅಂಚಿನಿಂದ ಪ್ರನಾಳವನ್ನು ಬೀಳಿಸಿ, ಸ್ಟಾಪ್‌ವಾಚಿನಲ್ಲಿ ಸಮಯ ಹಿಡಿಯುತ್ತಾನೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಸರಾಸರಿ ತೆಗೆಯುತ್ತಾನೆ. ಭೂಮಿಯ ಮೇಲಾದರೆ ಆ ಎತ್ತರದಿಂದ ಬೀಳುವ ವಸ್ತುವಿಗೆ 0.43 ಸೆಕೆಂಡ್ ಬೇಕು. ಅವನಿಗೆ ಸಿಗುವುದು 0.35ರ ಆಸುಪಾಸು. ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತ ಸೂತ್ರಕ್ಕೆ ಆ ಅಂಕೆ ಹಾಕಿ ಲೆಕ್ಕ ಮಾಡಿದರೆ ಗುರುತ್ವ ವೇಗೋತ್ಕರ್ಷ 9.8 ಬರಬೇಕಾದಲ್ಲಿ 15 ಬರುತ್ತದೆ.

ಅಂದರೆ ಅವನು ಭೂಮಿಯ ಮೇಲಿಲ್ಲ. ಅಷ್ಟಕ್ಕೇ ಅವನು ತೀರ್ಮಾನಕ್ಕೆ ಹಾರುವುದಿಲ್ಲ. ದೊಡ್ಡದೊಂದು ತಿರುಗುವ ಯಂತ್ರದೊಳಗೆ ತನ್ನನ್ನು ಕೂರಿಸಿರಬಹುದಲ್ಲ, ಅದರಲ್ಲೂ ಮೈಭಾರ ಹೆಚ್ಚುತ್ತದಲ್ಲ ಎಂದು ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾನೆ. ತಿರುಗುವ ಯಂತ್ರವಾದರೆ ನಡುವಿನಿಂದ ದೂರ ಹೋದಷ್ಟೂ ಸೆಳೆತ ಬೇರೆಯಾಗಬೇಕು. ದಾರಕ್ಕೆ ಭಾರ ಕಟ್ಟಿ ಲೋಲಕ ಮಾಡಿಕೊಂಡು, ಮೇಲಿನ ಜಾಗದಲ್ಲೂ ಕೆಳಗಿನ ಜಾಗದಲ್ಲೂ ತೂಗಿ ನೋಡುತ್ತಾನೆ. ವ್ಯತ್ಯಾಸ ಇಲ್ಲ. ಒಂದು ಸಾಧ್ಯತೆ ಹೋಯಿತು. ಉಳಿದದ್ದು ಯಾವುದು ಎಂದು ಯೋಚಿಸತೊಡಗುತ್ತಾನೆ. ಅಷ್ಟರಲ್ಲಿ ಪುಸ್ತಕ ಹಿಡಿದ ನಾವೂ ಯೋಚಿಸುತ್ತಿರುತ್ತೇವೆ.

ತಂಗಿಯ ಮಗ ಫೋನ್ ಮಾಡಿದ ಮುಂದಿನ ಭಾನುವಾರ ಅವರ ಮನೆಗೆ ಹೋಗಿದ್ದೆ. ಹುಡುಗ ಸ್ಟೂಲು ಹಾಕಿಕೊಂಡು ನಿಂತಿದ್ದ. ಗೋಡೆಗೆ ಎರಡು ಮೀಟರಿನ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದ. ಒಂದು ಕೈಯಲ್ಲಿ ರಬ್ಬರು, ಇನ್ನೊಂದರಲ್ಲಿ ಮೊಬೈಲಿನ ಸ್ಟಾಪ್‌ವಾಚು. ಬಿಡುವುದು, ಒತ್ತುವುದು, ನೆಲಕ್ಕೆ ಬಿದ್ದ ಸದ್ದಿಗೆ ಮತ್ತೆ ಒತ್ತುವುದು. ನೋಟ್‌ಬುಕ್ಕಿನಲ್ಲಿ ಹತ್ತು ಸಾಲು ಬರೆದಿದ್ದ: 0.58, 0.71, 0.66, 0.62 ಹೀಗೆ. ಲೆಕ್ಕದ ಪ್ರಕಾರ ಬರಬೇಕಾದದ್ದು 0.64. ಹದಿನೈದರ ಗುರುತ್ವ ಇದ್ದಿದ್ದರೆ 0.52. ನಡುವೆ ಇರುವುದು ಸೆಕೆಂಡಿನ ಎಂಟನೇ ಒಂದು ಭಾಗ. 'ಮಾಮ, ನನ್ನ ಬೆರಳೇ ಅದಕ್ಕಿಂತ ನಿಧಾನ. ಅದಕ್ಕೇ ಅವನು ಅಷ್ಟು ಸಲ ಮಾಡಿದ್ದು!' ಎಂದ. ಅವನ ಅಮ್ಮ ಅಡಿಗೆಮನೆಯಿಂದ 'ಬೆಳಿಗ್ಗೆಯಿಂದ ಇದೇ ಆಗಿದೆ, ಟಪ್ ಟಪ್ ಅಂತ' ಎಂದು ಕೂಗಿ ಹೇಳಿದಳು.

ಆ ಹುಡುಗನ ಮುಖ ನೋಡಿ ನನಗೆ ವಿಯರ್ ಅವರ ಪುಸ್ತಕದ ಕೀಲು ಎಲ್ಲಿದೆ ಎಂಬುದು ಇನ್ನಷ್ಟು ಸ್ಪಷ್ಟವಾಯಿತು. ನಾಯಕನಿಗೆ ಮರೆವು ಬಂದಿರುವುದು ಕಥೆಗೆ ಬೇಕಾದ ಒಂದು ಅನುಕೂಲ ಮಾತ್ರವಲ್ಲ. ಅವನಿಗೆ ಏನೂ ಗೊತ್ತಿಲ್ಲ, ನಮಗೂ ಏನೂ ಗೊತ್ತಿಲ್ಲ. ಇಬ್ಬರೂ ಒಂದೇ ಗೆರೆಯಿಂದ ಓಟ ಶುರುಮಾಡುತ್ತೇವೆ. ಅವನು ಅಳೆದಾಗ ನಾವು ಅಳೆಯುತ್ತೇವೆ, ಅವನು ತಪ್ಪಿದಾಗ ನಾವು ತಪ್ಪುತ್ತೇವೆ. ನಡುನಡುವೆ ಹಳೆಯ ನೆನಪುಗಳು ತುಂಡುತುಂಡಾಗಿ ಮರಳುತ್ತವೆ. ವರ್ತಮಾನದ ಒಂದು ಅಧ್ಯಾಯದ ಭಾಗ, ಭೂಮಿಯ ಮೇಲಿನ ಒಂದು ನೆನಪು, ಮತ್ತೆ ವರ್ತಮಾನ. ಏನು ಯಾವಾಗ ಗೊತ್ತಾಗಬೇಕು ಎಂಬುದನ್ನು ಲೇಖಕ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ಇಟ್ಟಿದ್ದಾನೆ. ಹೀಗಿರುವಾಗ ಕಾಲು ಭಾಗ ದಾಟಿದ ಮೇಲೆ ಸಿಗುವ ಆ ಸಂಗತಿಯೂ ಒಂದೇ ಏಟಿಗೆ ಸಿಗುವುದಿಲ್ಲ. ಮೊದಲು ಒಂದು ಸಣ್ಣ ಅನುಮಾನ, ಆಮೇಲೆ ಒಂದು ಅಳತೆ, ಆಮೇಲೆ ಇದು ಹೀಗಿರಲು ಸಾಧ್ಯವೇ ಎಂಬ ಹೆದರಿಕೆ ಬೆರೆತ ಖುಷಿ. ಪುಟ ತಿರುಗಿಸಿ ತಿರುಗಿಸಿ ನಾವೇ ಅಲ್ಲಿಗೆ ತಲುಪುತ್ತೇವೆ.

ಟ್ರೈಲರ್ ನೋಡಿದವನು ಆ ದಾರಿಯನ್ನು ಕಳೆದುಕೊಳ್ಳುತ್ತಾನೆ. ನಾಯಕನಿಗೆ ಇನ್ನೂ ಗೊತ್ತಿಲ್ಲ, ಓದುಗನಿಗೆ ಗೊತ್ತು. ಒಂದೇ ಗೆರೆಯಿಂದ ಹೊರಟವರಲ್ಲಿ ಒಬ್ಬನನ್ನು ಕಾರಿನಲ್ಲಿ ಕೂರಿಸಿ ಮುಂದೆ ಇಳಿಸಿದ ಹಾಗೆ. ಆಮೇಲೆ ಓಡಿಬರುವವನಿಗಾಗಿ ಕಾಯುವುದಷ್ಟೇ ಅವನಿಗೆ ಉಳಿದಿರುವುದು.

'ಅದು ಕಥೆಯ ಆರಂಭದಲ್ಲೇ ಬರುತ್ತದೆ, ಅದೇನು ಕೊನೆಯ ಗುಟ್ಟಲ್ಲವಲ್ಲ' ಎಂದವರೂ ಓದುಗರಲ್ಲೇ ಇದ್ದರು. ಈ ಮಾತಿನಲ್ಲಿ ಸತ್ಯವಿದೆ. ಸಿನಿಮಾ ಮುಂದೆ ಯಾವುದರ ಬಗ್ಗೆ ಆಗಲಿದೆಯೋ ಅದನ್ನು ಪೂರ್ತಿ ಬಚ್ಚಿಟ್ಟರೆ, ಒಬ್ಬ ಮನುಷ್ಯ ಒಂಟಿಯಾಗಿ ಡಬ್ಬಿಯೊಳಗೆ ಕೂತು ಲೆಕ್ಕ ಮಾಡುವ ಚಿತ್ರ ಎಂದಷ್ಟೇ ಜನರಿಗೆ ಕಾಣುತ್ತದೆ. ಪುಸ್ತಕ ಓದದವರೇ ನೋಡುಗರಲ್ಲಿ ಬಹುಪಾಲು. ಕೋಟ್ಯಂತರ ಡಾಲರ್ ಹಾಕಿ ತೆಗೆದ ಚಿತ್ರಕ್ಕೆ ಅವರನ್ನು ಕರೆಯಬೇಕು, ಈ ಚಿತ್ರದ ಎದೆ ಎಲ್ಲಿದೆ ಎಂದು ತೋರಿಸಬೇಕು ಎಂದು ತಯಾರಕರಿಗೆ ಅನ್ನಿಸಿದ್ದರೆ ಅದನ್ನು ನಾನು ದುರಾಸೆ ಎನ್ನಲಾರೆ. ತಮಗೆ ಅತಿ ಪ್ರಿಯವಾದದ್ದನ್ನೇ ಅವರು ಮುಂದೆ ಹಿಡಿದರು ಎಂದೂ ಹೇಳಬಹುದು. ನಾಲ್ಕು ವರ್ಷ ಮನಸ್ಸಿನಲ್ಲಿ ಮಾತ್ರ ಇದ್ದದ್ದನ್ನು ಕಣ್ಣೆದುರು ಕಂಡು ಹಿಗ್ಗಿದ ಓದುಗರೂ ಬಹಳ ಜನ. ನಾನೂ ಅವರಲ್ಲೊಬ್ಬ. ಆ ಎರಡು ಮೂರು ಸೆಕೆಂಡುಗಳಲ್ಲಿ ನನ್ನ ಕಣ್ಣು ತುಂಬಿಬಂತು.

ಆದರೂ ನಾನು ಬೇಸರಪಟ್ಟವರ ಕಡೆಗೇ ನಿಲ್ಲುತ್ತೇನೆ. ಕಾರಣ ಸರಳ. ಬೇಸರಪಟ್ಟವರು ಆ ಟ್ರೈಲರಿನಿಂದ ಏನನ್ನೂ ಕಳೆದುಕೊಂಡಿರಲಿಲ್ಲ. ಅವರೆಲ್ಲ ಪುಸ್ತಕ ಓದಿ ಮುಗಿಸಿದವರು, ಅವರ ಪಾಲು ಅವರಿಗೆ ಸಂದಾಗಿದೆ. ಅವರು ನೊಂದದ್ದು ಇನ್ನೂ ಓದದ, ತಾವು ನೋಡಿಯೂ ಇರದ ಅಪರಿಚಿತರ ಪರವಾಗಿ. ಈ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡುವಾಗ ಓದುಗರು ಬಳಸುವ ಶಿಫಾರಸು ಬಹುತೇಕ ಒಂದೇ: ಏನನ್ನೂ ತಿಳಿದುಕೊಳ್ಳದೆ ಓದು, ಬೆನ್ನುಡಿಯನ್ನೂ ಓದಬೇಡ. ನಾಲ್ಕು ವರ್ಷ ಬಾಯಿಂದ ಬಾಯಿಗೆ ಹೀಗೆ ಗುಟ್ಟು ಕಾದುಕೊಂಡು ಬಂದವರಿಗೆ, ಒಂದು ಸಂಜೆ ಅದು ಎಲ್ಲರ ಮೊಬೈಲಿಗೂ ಬಂದು ಬಿದ್ದಾಗ ಹೇಗಾಗಿರಬೇಡ.

ವಿಯರ್ ಅವರ ಓದುಗರಲ್ಲಿ ಈ ಕಾವಲಿನ ಗುಣ ಯಾಕಿಷ್ಟು ಗಾಢ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಹಳೆಯದು. ವಿಯರ್ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 'ದಿ ಮಾರ್ಷಿಯನ್' ಅನ್ನು 2009ರಿಂದ ತಮ್ಮದೇ ಜಾಲತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ, ಬಿಟ್ಟಿಯಾಗಿ, ಹಾಕುತ್ತಾ ಹೋದರು. ಓದುತ್ತಿದ್ದವರಲ್ಲಿ ವಿಜ್ಞಾನ ಬಲ್ಲವರಿದ್ದರು. ಈ ರಸಾಯನಕ್ರಿಯೆ ಹೀಗೆ ನಡೆಯುವುದಿಲ್ಲ, ಈ ಲೆಕ್ಕ ತಪ್ಪಿದೆ ಎಂದು ಅವರು ಪತ್ರ ಬರೆದರು, ಲೇಖಕ ತಿದ್ದಿಕೊಂಡರು. ಓದಲು ಸಲೀಸಾಗಲಿ, ಕಿಂಡಲಿಗೆ ಹಾಕಿ ಎಂದು ಓದುಗರೇ ಕೇಳಿಕೊಂಡಾಗ, ಅಲ್ಲಿ ಬಿಟ್ಟಿ ಕೊಡಲು ಬಾರದೆ, ಇಡಬಹುದಾದ ಅತಿ ಕಡಿಮೆ ಬೆಲೆ 99 ಸೆಂಟ್ ಇಟ್ಟರು. ಅಲ್ಲಿಂದ ಅದು ಏರಿದ್ದು, ದೊಡ್ಡ ಪ್ರಕಾಶಕರು ಬಂದದ್ದು, 2014ರಲ್ಲಿ ಅಚ್ಚಾದದ್ದು, 2015ರಲ್ಲಿ ರಿಡ್ಲಿ ಸ್ಕಾಟ್ ಸಿನಿಮಾ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಓದುಗರು ಸಾಕಿ ಬೆಳೆಸಿದ ಲೇಖಕ ಈತ. ಅವರ ಪುಸ್ತಕದ ಬಗ್ಗೆ ಓದುಗರಿಗೆ ಇರುವ ಸಲಿಗೆ, ಮನೆಯ ಮಗುವಿನ ಬಗ್ಗೆ ನೆರೆಹೊರೆಯವರಿಗೆ ಇರುವಂಥ ಸಲಿಗೆ.

ಅದೇ 'ದಿ ಮಾರ್ಷಿಯನ್' ಸಿನಿಮಾದ ಪ್ರಚಾರವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. 2015ರ ಜೂನಿನಲ್ಲಿ ಟ್ರೈಲರಿಗಿಂತ ಮೊದಲು ಒಂದು ಚಿಕ್ಕ ವಿಡಿಯೊ ಬಿಟ್ಟರು. ಮಂಗಳಯಾನಕ್ಕೆ ಹೊರಟ ಗಗನಯಾತ್ರಿ, ಮ್ಯಾಟ್ ಡೇಮನ್, ಕ್ಯಾಮೆರಾ ಹಿಡಿದು ತನ್ನ ಜೊತೆಗಾರರನ್ನು ಒಬ್ಬೊಬ್ಬರಾಗಿ ಪರಿಚಯಿಸುತ್ತಾನೆ. ನಗು, ಕೀಟಲೆ, ಬೀಳ್ಕೊಡುಗೆ. ಕಥೆಯಲ್ಲಿ ಮುಂದೆ ಅವನಿಗೆ ಏನಾಗುತ್ತದೆ ಎಂಬುದರ ಸುಳಿವೇ ಇಲ್ಲ. ಆದರೂ ಅದನ್ನು ನೋಡಿದವರಿಗೆ ಆ ಆರು ಜನ ಪರಿಚಿತರಾಗಿಬಿಟ್ಟರು. ಅವರಲ್ಲೊಬ್ಬನನ್ನು ಬಿಟ್ಟುಬರಬೇಕಾದಾಗ ಆಗುವ ನೋವು ಮೊದಲೇ ಬಿತ್ತಿದ ಹಾಗಾಯಿತು. ಪ್ರಚಾರ ಅಂದರೆ ಹೀಗಿರಬೇಕು. ಕಥೆಯ ಒಳಗಿನಿಂದ ಏನನ್ನೂ ಕದಿಯದೆ, ಕಥೆಯ ಹೊಸ್ತಿಲಿಗೆ ಇನ್ನೊಂದು ಮೆಟ್ಟಿಲು ಕಟ್ಟಿಕೊಟ್ಟದ್ದು ಅದು.

ಆ ಪುಸ್ತಕಕ್ಕೂ ಈ ಪುಸ್ತಕಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಹೇಳಬೇಕು. 'ದಿ ಮಾರ್ಷಿಯನ್'ನಲ್ಲಿ ಮನುಷ್ಯನೊಬ್ಬ ಮಂಗಳದಲ್ಲಿ ಒಂಟಿಯಾಗಿ ಉಳಿದ ಎಂಬುದು ಮೊದಲ ಪುಟದಲ್ಲೇ ಗೊತ್ತಾಗುವ ಸಂಗತಿ. ಅವನು ಹೇಗೆ ಬದುಕುತ್ತಾನೆ ಎಂಬುದೇ ಕಥೆ. ಆಲೂಗಡ್ಡೆ ಬೆಳೆಯುತ್ತಾನೆ ಎಂದು ಮೊದಲೇ ಗೊತ್ತಿದ್ದರೂ ಹೇಗೆ ಬೆಳೆಯುತ್ತಾನೆ ಎಂಬ ಸುಖಕ್ಕೆ ಕುಂದಿಲ್ಲ. 'ಪ್ರಾಜೆಕ್ಟ್ ಹೇಲ್ ಮೇರಿ'ಯಲ್ಲಿ ಏನು ಎಂಬುದೇ ಅರ್ಧ ಕಥೆ. ಒಂದೇ ಲೇಖಕ, ಒಂದೇ ಬಗೆಯ ವಿಜ್ಞಾನ, ಆದರೂ ಒಂದಕ್ಕೆ ಒಗ್ಗುವ ಪ್ರಚಾರ ಇನ್ನೊಂದಕ್ಕೆ ಒಗ್ಗದು. ಎಲ್ಲ ಪುಸ್ತಕಕ್ಕೂ ಒಂದೇ ಅಳತೆಯ ಅಂಗಿ ಹೊಲಿಯುವ ಪ್ರಚಾರ ವಿಭಾಗಗಳು ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ.

ಟ್ರೈಲರುಗಳು ಅತಿಯಾಗಿ ಹೇಳುವುದು ಹೊಸದೇನಲ್ಲ. 2000ದಲ್ಲಿ ಬಂದ 'ಕಾಸ್ಟ್ ಅವೇ' ಚಿತ್ರದ ಟ್ರೈಲರ್, ದ್ವೀಪದಲ್ಲಿ ಸಿಕ್ಕಿಬಿದ್ದ ನಾಯಕ ಮನೆಗೆ ಮರಳುವುದನ್ನೂ ತೋರಿಸಿತ್ತು. ನಿರ್ದೇಶಕ ರಾಬರ್ಟ್ ಝೆಮೆಕಿಸ್ ಅದನ್ನು ಸಮರ್ಥಿಸಿಕೊಂಡರು; ಜನರಿಗೆ ಟಿಕೆಟ್ ಕೊಳ್ಳುವ ಮೊದಲೇ ಎಲ್ಲ ಗೊತ್ತಿರಬೇಕು ಎಂಬುದು ಅವರ ವಾದ. ಅದಕ್ಕೆ ತದ್ವಿರುದ್ಧ 2015ರ 'ಟರ್ಮಿನೇಟರ್ ಜೆನಿಸಿಸ್'. ಅದರ ದೊಡ್ಡ ತಿರುವನ್ನೇ ಟ್ರೈಲರ್ ಬಯಲು ಮಾಡಿದಾಗ, ನಿರ್ದೇಶಕ ಅಲನ್ ಟೇಲರ್ ತಮಗೇ ಅದು ಇಷ್ಟವಿರಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಚಿತ್ರ ತೆಗೆಯುವವರು ಬೇರೆ, ಅದನ್ನು ಮಾರುವವರು ಬೇರೆ ಎಂಬುದು ನೋಡುಗರಿಗೆ ಮರೆತುಹೋಗುತ್ತದೆ.

ಹಾಗೆಂದು ಎಲ್ಲರೂ ಎಡವಿದ್ದಾರೆ ಎಂದಲ್ಲ. ಟೆಡ್ ಚಿಯಾಂಗ್ ಅವರ ಕಥೆಯನ್ನು ಆಧರಿಸಿ ಡೆನಿ ವಿಲ್ನವ್ 2016ರಲ್ಲಿ ತೆಗೆದ 'ಅರೈವಲ್' ನೋಡಿ. ಟ್ರೈಲರ್ ಆಕಾಶದಲ್ಲಿ ನಿಂತ ನೌಕೆಯನ್ನು ತೋರಿಸಿತು, ಬಂದವರೊಡನೆ ಮಾತಾಡಲು ಒಬ್ಬ ಭಾಷಾವಿಜ್ಞಾನಿಯನ್ನು ಕರೆದೊಯ್ಯುವುದನ್ನು ತೋರಿಸಿತು. ಅಷ್ಟರಿಂದಲೇ ಜನ ಬಂದರು. ಆದರೆ ಕಥೆಯ ನಿಜವಾದ ಗುಟ್ಟು, ಕಾಲದ ಬಗೆಗಿನದು, ಚಿತ್ರಮಂದಿರದ ಕತ್ತಲೆಯಲ್ಲೇ ಉಳಿಯಿತು. ಒಗಟನ್ನು ತೋರಿಸಿ ಉತ್ತರವನ್ನು ಇಟ್ಟುಕೊಳ್ಳುವುದು ಸಾಧ್ಯ, ಅದರಿಂದ ಗಲ್ಲಾಪೆಟ್ಟಿಗೆಗೆ ನಷ್ಟವೇನೂ ಆಗಲಿಲ್ಲ.

ಗುಟ್ಟು ಬಯಲಾದರೆ ನಿಜಕ್ಕೂ ಸುಖ ಕೆಡುತ್ತದೆಯೇ ಎಂಬುದನ್ನು ಮನಶ್ಶಾಸ್ತ್ರದವರು ಪರೀಕ್ಷಿಸಿಯೂ ನೋಡಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 12 ಸಣ್ಣಕಥೆಗಳನ್ನು ಆರಿಸಿ, ಕೆಲವರಿಗೆ ಅಂತ್ಯವನ್ನು ಮೊದಲೇ ಹೇಳಿ, ಕೆಲವರಿಗೆ ಹೇಳದೆ ಓದಿಸಿದರು. ಅಂತ್ಯ ಗೊತ್ತಿದ್ದವರೇ ಕಥೆಗಳನ್ನು ತುಸು ಹೆಚ್ಚು ಮೆಚ್ಚಿದರು. ಇದು ಬಹಳ ಸುದ್ದಿಯಾಯಿತು, ಗುಟ್ಟು ಒಡೆಯುವವರಿಗೆಲ್ಲ ಒಂದು ಆಧಾರ ಸಿಕ್ಕಿತು. ಆಮೇಲೆ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ನಡೆಸಿದ ಅಧ್ಯಯನದಲ್ಲಿ ಫಲಿತಾಂಶ ಉಲ್ಟಾ ಬಂತು. ಗುಟ್ಟು ಒಡೆದ ಕಥೆಗಳು ಓದುಗರನ್ನು ಅಷ್ಟಾಗಿ ಒಳಗೆಳೆದುಕೊಳ್ಳಲಿಲ್ಲ. ನನಗೆ ಈ ಎರಡೂ ಸರಿ ಎನ್ನಿಸುತ್ತದೆ. ಕೆಲವು ಪುಟಗಳ ಸಣ್ಣಕಥೆಯ ಅಂತ್ಯ ಗೊತ್ತಿದ್ದರೆ ಮನಸ್ಸು ನಿರಾಳವಾಗಿ ವಾಕ್ಯಗಳನ್ನು ಸವಿಯಬಹುದು. ನಾನೂರಕ್ಕೂ ಹೆಚ್ಚು ಪುಟ ನಾಯಕನ ಜೊತೆ ಲೆಕ್ಕ ಮಾಡುತ್ತಾ ಹೋಗಬೇಕಾದ ಕಾದಂಬರಿಯ ವಿಷಯ ಬೇರೆ.

ನಮ್ಮಲ್ಲೂ ಇದನ್ನು ಬಲ್ಲೆವು. ಯಕ್ಷಗಾನಕ್ಕೆ ಹೋಗುವವನಿಗೆ ಕರ್ಣ ಸಾಯುತ್ತಾನೆ ಎಂದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ಹೋಗುತ್ತಾನೆ, ಇವತ್ತಿನ ವೇಷಧಾರಿ ಯಾವ ಮಾತು ಎತ್ತುತ್ತಾನೆ ಎಂದು ನೋಡಲು ಹೋಗುತ್ತಾನೆ. ಆದರೆ ಎಲ್ಲ ಕಥೆಯೂ ಕರ್ಣನ ಕಥೆಯಲ್ಲ. ಕಾಲೇಜಿನಲ್ಲಿ ನಮಗೆ ತೇಜಸ್ವಿಯವರ 'ಕರ್ವಾಲೊ' ನಾನ್‌ಡೀಟೇಲ್ ಆಗಿತ್ತು. ಮೊದಲ ಪೀರಿಯಡ್ಡಿನಲ್ಲೇ ಮೇಷ್ಟ್ರು ಕಾದಂಬರಿ ಯಾವುದರ ಬೆನ್ನು ಹತ್ತಿ ಹೋಗುತ್ತದೆ, ಕೊನೆಗೆ ಏನಾಗುತ್ತದೆ ಎಂಬುದನ್ನೆಲ್ಲ ಹೇಳಿ, ಅದರ ಸಾಂಕೇತಿಕತೆಯ ಬಗ್ಗೆ ಅರ್ಧ ಪುಟ ನೋಟ್ಸ್ ಬರೆಸಿದರು. ಆಮೇಲೆ ನಾನು ಆ ಪುಸ್ತಕವನ್ನು ಎಷ್ಟೋ ಸಲ ಓದಿದ್ದೇನೆ, ಪ್ರತಿ ಸಲವೂ ಅದು ನನಗೆ ಹೊಸ ಸಂತೋಷ ಕೊಟ್ಟಿದೆ. ಆದರೆ ಏನೂ ಗೊತ್ತಿಲ್ಲದೆ ಮಂದಣ್ಣನ ಹಿಂದೆ ಆ ಕಾಡಿಗೆ ಹೊಕ್ಕುವ ಮೊದಲ ಓದು ನನಗೆ ದಕ್ಕಲಿಲ್ಲ. ಅದು ಮತ್ತೆ ಸಿಗುವಂಥದ್ದೂ ಅಲ್ಲ. ಮೇಷ್ಟ್ರು ಒಳ್ಳೆಯವರು, ಪಾಠದ ಮೇಲೆ ಪ್ರೀತಿ ಇದ್ದವರು. ಪ್ರೀತಿಯ ಆತುರದಲ್ಲೇ ಹೇಳಿಬಿಟ್ಟರು ಎಂದು ಈಗ ಅನ್ನಿಸುತ್ತದೆ.

ಇದಕ್ಕಿಂತ ಒಳ್ಳೆಯ ರೂಢಿಯೊಂದು ನಮ್ಮ ಸಿನಿಮಾದವರಲ್ಲೇ ಇತ್ತು. ನಮ್ಮೂರಿಗೆ ಟೂರಿಂಗ್ ಟಾಕೀಸ್ ಬರುತ್ತಿದ್ದ ಕಾಲದಲ್ಲಿ, ಜಟಕಾ ಗಾಡಿಗೆ ಎರಡೂ ಕಡೆ ಪೋಸ್ಟರ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ, ಬಣ್ಣದ ಹ್ಯಾಂಡ್‌ಬಿಲ್ ಎರಚುತ್ತಾ ಹೋಗುತ್ತಿದ್ದರು. ಟೆಂಟಿನ ಬಾಗಿಲಲ್ಲಿ ಪದ್ಯದ ಪುಸ್ತಕ ಮಾರುತ್ತಿದ್ದರು. ತೆಳ್ಳನೆಯ ಕಾಗದ, ಸ್ಟೇಪಲ್ ಹೊಡೆದ ನಾಲ್ಕೆಂಟು ಪುಟ. ಹಾಡುಗಳಿಗೆ ಮೊದಲು ಕಥಾಸಾರಾಂಶ. ನಾಯಕ ಯಾರು, ನಾಯಕಿ ಯಾರು, ಅವರ ನಡುವೆ ಬಂದ ವಿಘ್ನ ಯಾವುದು ಎಂಬಲ್ಲಿಯವರೆಗೆ ಚೆನ್ನಾಗಿ ವಿವರಿಸಿ, ಸರಿಯಾಗಿ ಗಂಟು ಬಿಗಿಯಾಗುವ ಹೊತ್ತಿಗೆ ನಿಲ್ಲಿಸುತ್ತಿದ್ದರು: ಮುಂದೇನಾಯಿತು ಎಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ. ಅಜ್ಜಿ ಆ ಪುಸ್ತಕವನ್ನು ನನ್ನಿಂದ ಓದಿಸಿಕೊಂಡು, ಆ ಸಾಲು ಬಂದ ಕೂಡಲೇ 'ಹಾಳಾದವ್ನು, ಸರಿಯಾದ ಜಾಗದಲ್ಲಿ ನಿಲ್ಸಿದಾನೆ' ಎಂದು ಸೆರಗಿನ ಗಂಟಿನಿಂದ ಚಿಲ್ಲರೆ ಬಿಚ್ಚುತ್ತಿದ್ದಳು. ಎಲ್ಲಿ ನಿಲ್ಲಿಸಬೇಕು ಎಂದು ಆ ಸಾರಾಂಶ ಬರೆದವರಿಗೆ ಗೊತ್ತಿತ್ತು. 'ಪ್ರಾಜೆಕ್ಟ್ ಹೇಲ್ ಮೇರಿ'ಯ ಬೆನ್ನುಡಿ ಬರೆದವರಿಗೂ ಗೊತ್ತಿತ್ತು. ಆ ಎರಡು ಮೂರು ಸೆಕೆಂಡುಗಳಿಗೆ ಮೊದಲೇ ಟ್ರೈಲರ್ ನಿಂತಿದ್ದರೆ ಒಂದು ಟಿಕೆಟೂ ಕಡಿಮೆಯಾಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಈಗ ಓದುಗರೇ ಮಾಡಬಹುದಾದದ್ದು ಒಂದಿದೆ, ಅದನ್ನು ಬಹಳ ಜನ ಮಾಡಿಯೂ ತೋರಿಸಿದರು. ಟ್ರೈಲರ್ ಬಂದ ದಿನದಿಂದ ಅವರು ಪುಸ್ತಕವನ್ನು ಮೊದಲಿಗಿಂತ ಹೆಚ್ಚು ಹಂಚತೊಡಗಿದರು, ಸಿನಿಮಾ ಬರುವುದರೊಳಗೆ ಓದಿಬಿಡಿ ಎಂದು ಕಂಡವರಿಗೆಲ್ಲ ಹೇಳತೊಡಗಿದರು. ಓದುವ ಅಭ್ಯಾಸವಿಲ್ಲದವರಿಗೆ ರೇ ಪೋರ್ಟರ್ ದನಿಯಲ್ಲಿರುವ ಧ್ವನಿಪುಸ್ತಕ ಇದೆ. 2022ರಲ್ಲಿ ಆಡಿ ಪ್ರಶಸ್ತಿಗಳಲ್ಲಿ ವರ್ಷದ ಧ್ವನಿಪುಸ್ತಕ ಎನಿಸಿಕೊಂಡದ್ದು ಅದೇ. ಅದರಲ್ಲಿ ಕಿವಿಗೆ ಮಾತ್ರ ಸಿಗುವ ಒಂದು ವಿಶೇಷವಿದೆ. ಅದನ್ನೂ ಹೇಳುವ ಹಾಗಿಲ್ಲ.

ತಂಗಿಯ ಮಗ ನನ್ನ ಮಾತು ಮೀರಲಿಲ್ಲ. ಕ್ಲಾಸಿನಲ್ಲಿ ಹುಡುಗರು ಮೊಬೈಲಿನಲ್ಲಿ ಅದನ್ನೇ ಹಾಕಿಕೊಂಡು ನೋಡುವಾಗ ಎದ್ದು ಹೊರಗೆ ಹೋಗುತ್ತಿದ್ದನಂತೆ. ಜುಲೈ ಎರಡನೇ ವಾರದಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಅಷ್ಟು ಹೊತ್ತಿಗೆ ಬಂದ ಫೋನು ನೋಡಿ ಗಾಬರಿಯಾಯಿತು. 'ಮಾಮ' ಎಂದ, ಆಮೇಲೆ ಸುಮ್ಮನಾದ. ಉಸಿರು ಕೇಳಿಸುತ್ತಿತ್ತು.

'ಬಂತಾ?' ಎಂದೆ.

'ಹ್ಞೂಂ. ಬಂತು.' ಸ್ವಲ್ಪ ಹೊತ್ತು ಬಿಟ್ಟು ಕೇಳಿದ, 'ಇದನ್ನಾ ಮಾಮ ಅವರು ಟ್ರೈಲರಲ್ಲಿ ತೋರ್ಸಿರೋದು?'

'ಹೌದು ಕಣೋ.'

'ಛೆ' ಎಂದ. ಮತ್ತೆ ಸುಮ್ಮನಾದ. ಆಮೇಲೆ ಏನೋ ನೆನಪಾದವನ ಹಾಗೆ, 'ಇರಿ ಮಾಮ, ನನ್ನ ಫ್ರೆಂಡ್ ಒಬ್ಬ ಇನ್ನೂ ನೋಡಿಲ್ಲ. ನೋಡ್ಬೇಡ, ಪುಸ್ತಕ ನಾನು ಕೊಡ್ತೀನಿ ಅಂತ ಈಗ್ಲೇ ಮೆಸೇಜ್ ಹಾಕ್ಬೇಕು' ಎಂದು ಫೋನ್ ಇಟ್ಟ.